ಮುತ್ಯಾನ ಹಿತ್ತಾಳೆ ಬಿಲ್ಲೆ

ಪ್ರಶ್ನೆ: ಕಾಕಾ, ನಮ್ಮ ಮುತ್ಯಾ ಚಂದ್ರಪುರ ಕಡೆ ಕಲ್ಲಿದ್ದಲು ಗಣಿಯಲ್ಲಿ ಇದ್ದವರು. ಹೋದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿದೆ. ಮೇಲೆ ತೂತು, ಕೆಳಗೆ ಸವೆದ ನಂಬರ್. ಗುಜರಿಗೆ ಹಾಕೋಣ ಅಂದರೆ ನಮ್ಮ ಅಜ್ಜಿ, ಆಯಿ, ಕೊಡುತ್ತಿಲ್ಲ, ಏನು ಅಂತಲೂ ಹೇಳುತ್ತಿಲ್ಲ. ಏನದು? ಮುತ್ಯಾ ಗಣಿಯೊಳಗೆ ಉರಿಯುವ ದೀಪ ಒಯ್ಯುತ್ತಿದ್ದರಂತೆ, ನಿಜವಾ?
(ಓದುಗ ವಿದ್ಯಾರ್ಥಿನಿ, ಅಕ್ಕಲಕೋಟೆ ತಾಲೂಕು)

ಉತ್ತರ: (ಚಂದ್ರಪುರ ಜಿಲ್ಲೆಯ ಗಣಿಯೊಂದರಲ್ಲಿ ಸರದಾರರಾಗಿ, ಅಂದರೆ ಪಾಳಿಯವರ ಸುರಕ್ಷತೆ ನೋಡುವ ಮೇಲ್ವಿಚಾರಕರಾಗಿ, ನಿವೃತ್ತರಾದ, ಅದೇ ತಾಲೂಕಿನ ಹಿರಿಯರಿಂದ)

ಗುಜರಿಗೆ ಹಾಕಬೇಡ ಮಗಳೇ. ಅದು ಟೋಕನ್. ಪಾಳಿಗೆ ಹೋದಾಗ ಲ್ಯಾಂಪ್ ರೂಮಿನ ಕಿಟಕಿಯಲ್ಲಿ ಅದನ್ನು ಕೊಟ್ಟರೆ ಅದೇ ನಂಬರಿನ, ಟೋಪಿಗೆ ಸಿಕ್ಕಿಸುವ ಬ್ಯಾಟರಿ ದೀಪ ಕೊಡುತ್ತಿದ್ದರು. ಬಿಲ್ಲೆಯನ್ನು ಹಲಗೆಯ ಮೊಳೆಗೆ ತೂಗುಹಾಕುತ್ತಿದ್ದರು. ಮೇಲೆ ಬಂದು ದೀಪ ಒಪ್ಪಿಸಿದ ಮೇಲೆ ಬಿಲ್ಲೆ ವಾಪಸ್. ಮೊಳೆಯಲ್ಲಿ ಬಿಲ್ಲೆ ಇದೆ ಅಂದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ.

ನಾನು 1978ರಲ್ಲಿ ಹೋದೆ. ವಾಡಿ, ಸಿಕಂದರಾಬಾದ್, ಕಾಜೀಪೇಟೆ ದಾಟಿ ಬಲ್ಲಾರ್‌ಶಾದಲ್ಲಿ ಇಳಿದಾಗ ಕೈಯಲ್ಲಿ ಇದ್ದದ್ದು ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ ಅಂತ ಬಡಾಯಿ ಬೇರೆ. ಗಣಿಯ ಹಸಿ ಗಾಳಿಗೆ ಊಟದ ಹೊತ್ತಿಗೇ ಅದು ಬಟ್ಟೆಯ ಹಾಗೆ ಮೆತ್ತಗಾಗಿತ್ತು!

ಉರಿಯುವ ದೀಪದ ಮಾತೂ ನಿಜ. ಆದರೆ ಎಲ್ಲರ ಕೈಯಲ್ಲೂ ಇರುತ್ತಿರಲಿಲ್ಲ, ನಮ್ಮಂಥ ಸರದಾರರು ಒಯ್ಯುತ್ತಿದ್ದೆವು. ನಿಮ್ಮ ಮುತ್ಯಾನೂ ಸರದಾರರೇ ಇರಬೇಕು. ಅದು ಬೆಳಕಿಗಲ್ಲ, ಗ್ಯಾಸ್ ನೋಡಲಿಕ್ಕೆ. ಬತ್ತಿ ಸಣ್ಣದು ಮಾಡಿ, ಛತ್ತಿನ ಹತ್ತಿರ ಮೆಲ್ಲಗೆ ಎತ್ತಬೇಕು. ಹೊತ್ತಿಕೊಳ್ಳುವ ಗ್ಯಾಸ್ ಮೀಥೇನ್ ಇದ್ದರೆ ಜ್ವಾಲೆಯ ನೆತ್ತಿಯ ಮೇಲೆ ತೆಳು ನೀಲಿ ಟೋಪಿ ಕಾಣುತ್ತದೆ. ಗಾಳಿಯಲ್ಲಿ ಶೇಕಡಾ 1.25 ದಾಟಿದರೆ ಜನರನ್ನು ಹೊರಗೆ ಕಳಿಸಬೇಕು ಅಂತ ನಿಯಮ. 5ರಿಂದ 15ರ ನಡುವೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ದೀಪ ತಾನಾಗೇ ಆರಿತು ಅಂದರೆ ಉಸಿರಾಡುವ ಗಾಳಿಯೇ ಕಡಿಮೆ ಅಂತ ತಿಳಿಯಬೇಕು. ಇನ್ನೊಂದು ಕೈಯಲ್ಲಿ ಕೋಲು. ಛತ್ತು ಬಡಿದಾಗ ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಪೊಳ್ಳು, ಅಲ್ಲಿ ನಿಲ್ಲಬಾರದು.

ಇನ್ನು ಆಯಿಯ ವಿಚಾರ. 1952ರ ಗಣಿ ಕಾಯ್ದೆ ಹೆಂಗಸರನ್ನು ಕೆಳಗೆ ಬಿಡುತ್ತಿರಲಿಲ್ಲ. 2019ರಲ್ಲಿ ನಿಯಮ ಸಡಿಲವಾಯಿತು, ಅದೂ ಆಗ ಹಗಲಿಗೆ, ಮೇಲ್ವಿಚಾರಣೆಯಂಥ ಕೆಲಸಕ್ಕೆ ಮಾತ್ರ ಇತ್ತು. ಹಾಗಾಗಿ ನಮ್ಮ ಮನೆಯವರು ಗಣಿ ಅಂತ ನೋಡಿದ್ದು ಆ ಹಲಗೆಯನ್ನೇ.

ಒಂದು ರಾತ್ರಿಪಾಳಿಯಲ್ಲಿ ಒಂದು ಕಡೆ ಛತ್ತು ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ದಾರಿ ಕಟ್ಟಿತು. ಬೆಳಿಗ್ಗೆ ಎಂಟಕ್ಕೆ ಬರಬೇಕಾದವರು ಹನ್ನೊಂದಕ್ಕೆ ಬಂದೆವು. ಅಷ್ಟರಲ್ಲಿ ಕಾಲೋನಿಯಲ್ಲಿ ಬಾಯಿಗೊಂದು ಮಾತು. ನನ್ನ ಹೆಂಡತಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಲ್ಯಾಂಪ್ ರೂಮಿನ ಕಿಟಕಿ ಮುಂದೆ ನಿಂತಿದ್ದಳು. ಹಿಂದಿ ಬಾರದು, ಯಾರನ್ನೂ ಕೇಳಲಾರಳು. ನನ್ನ ನಂಬರ್ 412. ಆ ಮೊಳೆಯನ್ನೇ ನೋಡುತ್ತಿದ್ದಳಂತೆ. ನಾನು ದೀಪ ಕೊಟ್ಟು ಬಿಲ್ಲೆ ತೆಗೆದುಕೊಂಡೆ. ಅವಳು ಒಂದೂ ಮಾತಾಡದೆ ಮನೆಯ ಕಡೆ ನಡೆದಳು. ಅವತ್ತಿನ ಸಾರಿಗೆ ಉಪ್ಪೇ ಇರಲಿಲ್ಲ. ನಾನೂ ಸುಮ್ನೆ ಉಂಡೆ.

ನಿವೃತ್ತಿಯ ದಿನ ನನ್ನ ಬಿಲ್ಲೆ ಒಪ್ಪಿಸಿ ಬಂದೆ. ನಿಮ್ಮ ಮುತ್ಯಾ ಹೇಗೆ ಉಳಿಸಿಕೊಂಡರೋ, ಜಾಣರು! ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ನಂಬರ್ ಕಾಣಬಹುದು. ತಿಕ್ಕುವ ಮೊದಲು ಆಯಿಯನ್ನೇ ಒಮ್ಮೆ ಕೇಳಿ ನೋಡು, ನಂಬರ್ ಎಷ್ಟು ಅಂತ.