ತೊಳೆದ ಮೇಲೆ ಮಂಕಾದ ವಿಕ್ಟೋರಿಯನ್ ಗಾರ್ನೆಟ್ ಬ್ರೋಚ್: ಪ್ರತಿಕ್ರಿಯೆ

ನಿಮ್ಮ ವಿಕ್ಟೋರಿಯನ್ (19ನೇ ಶತಮಾನದ ಬ್ರಿಟಿಷ್ ಕಾಲದ) ಬ್ರೋಚ್, ಅಂದರೆ ಬಟ್ಟೆಗೆ ಚುಚ್ಚುವ ಆಭರಣ, ಮಂಕಾಗಿದೆ, ಏನು ಮಾಡಲಿ, ಸೀರೆಗೆ ಹೇಗೆ ಹಾಕಲಿ ಎಂದು ಕೇಳಿದ್ದೀರಿ. ಸಾಬೂನು ನೀರಿನಲ್ಲಿ ತೊಳೆದ ಮೇಲೆ ಒಂದು ಗಾರ್ನೆಟ್ (ಕಡುಗೆಂಪು ಹರಳು) ಮಾತ್ರ ಮಂಕಾಗಿದೆ ಎಂದರೆ ಕೆಟ್ಟಿರುವುದು ಬಹುಶಃ ಹರಳಲ್ಲ, ಅದರ ಹಿಂದಿನ ತಗಡು. ನೀವು ಬರೆದಂತೆ ಕಟ್ಟಿನ (ಹರಳು ಕೂರಿಸಿದ ಲೋಹದ ಚೌಕಟ್ಟಿನ) ಬೆನ್ನು ಪೂರ್ತಿ ಮುಚ್ಚಿದ್ದರೆ, ಹೊಳಪು ಹೆಚ್ಚಿಸಲು ಸಾಮಾನ್ಯವಾಗಿ ಒಳಗೆ ತೀರ ತೆಳುವಾದ ತಗಡು ಇಟ್ಟಿರುತ್ತಾರೆ. ನಮ್ಮ ಹಳೆಯ ಕೆಂಪಿನ ಓಲೆಗಳಲ್ಲೂ ಇದೇ ಉಪಾಯ. ಅಂಚಿನಿಂದ ನೀರು ಇಳಿದರೆ ತಗಡು ಕಪ್ಪಾಗುತ್ತದೆ.

ಮೊದಲು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಅಕ್ಕಸಾಲಿಗರ ಭೂತಗನ್ನಡಿ) ಹಿಡಿದು, ದೀಪವನ್ನು ಓರೆಯಾಗಿಟ್ಟು ನೋಡಿ. ಹರಳಿನಡಿ ಮಂಜು ಕಟ್ಟಿದಂತಿದ್ದರೆ ತೇವ ಇನ್ನೂ ಇದೆ: ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಇಡಿ. ಹೇರ್ ಡ್ರೈಯರ್ ಖಂಡಿತ ಬೇಡ, ಒಳಗೆ ಅರಗು ಇದ್ದರೆ ಕರಗುತ್ತದೆ. ಕಪ್ಪು ಕಲೆ ಕಂಡರೆ ಒಣಗಿಸಿ ಪ್ರಯೋಜನವಿಲ್ಲ, ತಗಡನ್ನೇ ಬದಲಿಸಬೇಕು. ಮುಚ್ಚಿದ ಕಟ್ಟಿನ ಕೆಲಸ ಬಲ್ಲ ಅಕ್ಕಸಾಲಿಗರಿಗೆ ಮಾತ್ರ ಕೊಡಿ. ಉರಿ ತಾಗಿಸಬೇಡಿ, ಕಂಪನದಿಂದ ತೊಳೆಯುವ ಯಂತ್ರವಾದ ಅಲ್ಟ್ರಾಸಾನಿಕ್‌ಗೆ ಹಾಕಬೇಡಿ, ಬೆನ್ನು ಕೊರೆಯಬೇಡಿ ಎಂದು ಮೊದಲೇ ಹೇಳಿ. ಅಂಚು ಎತ್ತುವಾಗ ಹಳೆಯ ಚಿನ್ನ ಸೀಳಬಹುದು. ಅದು ತಾಳುತ್ತದೆಯೋ ಇಲ್ಲವೋ ಎಂಬುದನ್ನು ಕೈಯಲ್ಲಿ ಹಿಡಿದು ನೋಡಿದವರೇ ಹೇಳಬೇಕು.

ಸೀರೆಗೆ ಹಾಕುವ ವಿಚಾರ: ಆ ಕಾಲದ ಹೆಂಗಸರು ಇಂಥ ಬ್ರೋಚನ್ನು ಹೆಚ್ಚಾಗಿ ಕತ್ತಿನ ಹತ್ತಿರ, ಕಾಲರಿನ ನಡುವೆ ಚುಚ್ಚಿಕೊಳ್ಳುತ್ತಿದ್ದರು. ನಿಮ್ಮದರ ಕೊಕ್ಕೆ 'ಸಿ' ಆಕಾರದ್ದು, ಬೀಗವಿಲ್ಲ. ಸೆರಗಿನ ಮಡಿಕೆಗಳ ಭಾರ ಹೊರಿಸಿದರೆ ಪಿನ್ ಬಾಗಿ ಜಾರುತ್ತದೆ. ಭಾರಕ್ಕೆ ಒಳಗೆ ಬೇರೆ ಸೇಫ್ಟಿ ಪಿನ್ ಹಾಕಿ. ಬ್ರೋಚಿನ ಪಿನ್ನನ್ನು ಮೇಲಿನ ಒಂದೇ ಪದರದಲ್ಲಿ ಎರಡು ಸಲ ಒಳಗೆ–ಹೊರಗೆ ಹೊಲಿಗೆಯಂತೆ ತೂರಿಸಿ, ಆಮೇಲೆ ಕೊಕ್ಕೆಗೆ ಸಿಕ್ಕಿಸಿ.