ಕವಳೆ ಮುಳ್ಳು, ಕೆಂದಳಿಲಿನ ಬಾಲ

ಪ್ರಶ್ನೆ: ಮಗಳಿಗೆ ‘ಕವಳೆ ಗಿಡ ಮತ್ತು ಕೆಂದಳಿಲನ್ನು ಹೋಲಿಸಿ ಬರೆ’ ಎಂದು ಶಾಲೆಯಲ್ಲಿ ಹೋಂವರ್ಕ್ ಕೊಟ್ಟಿದ್ದಾರೆ. ಗಿಡಕ್ಕೂ ಪ್ರಾಣಿಗೂ ಎಂಥ ಹೋಲಿಕೆ? ಒಂದಕ್ಕೆ ಬೇರು, ಒಂದಕ್ಕೆ ಕಾಲು ಎಂದು ಬರೆಸಿ ಮುಗಿಸಿಬಿಡಲೇ?
– ಓದುಗರು, ಕುಮಟಾ

ಉತ್ತರ: ಬೇಡ, ಮುಗಿಸಬೇಡಿ. ಪ್ರಶ್ನೆ ಓದಿ ನಾನೂ ಮೊದಲು ನಕ್ಕೆ. ಆಮೇಲೆ ಶಿರಸಿಯ ನಮ್ಮ ಮನೆಯ ಹಿಂದೆ ಹೋಗಿ ನಿಂತೆ. ಕೊಟ್ಟಿಗೆಯ ಪಕ್ಕದ ಹಲಸಿನ ಮರಕ್ಕೆ ಕೆಂದಳಿಲು ಬರುತ್ತದೆ. ಹಿಂಗಾಲಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ನೇತಾಡುತ್ತದೆ. ತೂಕ ಸರಿಹೋಗಲು ಬಾಲ ಕೊಂಬೆಯ ಆಚೆ ಬದಿಗೆ. ಎರಡೂ ಕೈಯಲ್ಲಿ ತೊಳೆ ಹಿಡಿದು ತಿನ್ನುತ್ತದೆ, ಒಳ್ಳೇ ಮದುವೆ ಊಟಕ್ಕೆ ಕೂತವರ ಹಾಗೆ. ಬೀಜವನ್ನೂ ಬಿಡುವುದಿಲ್ಲ.

ಅಲ್ಲೇ ಇದೆ ನೋಡಿ ವ್ಯತ್ಯಾಸ. ಕವಳೆ ತಿನ್ನಿಸಿಕೊಂಡು ಬದುಕುವ ಗಿಡ. ಕಾಯಿ ಇದ್ದಾಗ ಹುಳಿ, ಬಿಳಿ ಹಾಲು, ಮೇಲಿಂದ ಸೂಜಿಯಂಥ ಜೋಡಿ ಮುಳ್ಳು. ಮೇ ತಿಂಗಳಲ್ಲಿ ಕಪ್ಪಾಗಿ ಹಣ್ಣಾದರೆ ಮಾತ್ರ ‘ಬನ್ನಿ’ ಅನ್ನುತ್ತದೆ. ಪಿಕಳಾರದಂಥ ಹಕ್ಕಿ ನುಂಗಿ ಬೀಜವನ್ನು ಇನ್ನೆಲ್ಲೋ ಹಾಕುತ್ತದೆ. ಕೆಂದಳಿಲು ಬೀಜವನ್ನೇ ಕಡಿದು ತಿನ್ನುವುದು ಜಾಸ್ತಿ, ಹಾಗಾಗಿ ಮರಕ್ಕೆ ಅದರಿಂದ ಅಷ್ಟು ಲಾಭವಿಲ್ಲ.

ಕಾಪಾಡಿಕೊಳ್ಳುವ ರೀತಿಯೂ ಬೇರೆ. ಕವಳೆಗೆ ಓಡಲಾಗದು, ಅದಕ್ಕೇ ಮುಳ್ಳು. ಸುಮಾರು ಎರಡು ಕಿಲೋ ತೂಗುವ ಕೆಂದಳಿಲು ಒಂದೇ ನೆಗೆತಕ್ಕೆ 20 ಅಡಿ ದಾಟುತ್ತದೆ. ಭಾರದ ಪ್ರಾಣಿ ಹತ್ತಲಾಗದ ಸಣ್ಣ ಕೊಂಬೆಗಳಲ್ಲಿ ಎಲೆ, ಕಡ್ಡಿ ಸೇರಿಸಿ ಗೂಡು ಕಟ್ಟುತ್ತದೆ. ಒಂದಲ್ಲ, ಹಲವು.

ಹೋಲಿಕೆಗಿಂತ ನನಗೆ ಮುಖ್ಯ ಅನಿಸಿದ್ದು ಇವು ಇರುವ ಜಾಗ. ಕವಳೆಗೆ ಬಿಸಿಲು ಬೇಕು, ಚಿರೇಕಲ್ಲಿನ ಬೋಳು ಗುಡ್ಡವಾದರೂ ಆದೀತು. ಕೆಂದಳಿಲಿಗೆ ಕೊಂಬೆಗೆ ಕೊಂಬೆ ತಾಗುವ ಕಾಡೇ ಬೇಕು. ಅದು ನೆಲಕ್ಕಿಳಿಯುವುದು ತೀರಾ ಅಪರೂಪ. ನಮ್ಮ ಬೆಟ್ಟದಲ್ಲಿ ಮರ ಕಡಿದು ದಾರಿ ಮಾಡಿದ ಮೇಲೆ ಆ ಅಂಚಿಗೆ ಕವಳೆ ಚೆನ್ನಾಗಿ ಹಬ್ಬಿತು. ದಾರಿಯ ಆಚೆಗಿದ್ದ ಕೆಂದಳಿಲು ಈಚೆಗೆ ಬರುವುದು ನಿಂತಿತು. ಮಗಳಿಗೆ ಇದನ್ನು ಬರೆಯಲು ಹೇಳಿ. ಟೀಚರ್ ಕೆಂಪು ಗೀಟು ಹಾಕಿದರೆ ನನಗೆ ತಿಳಿಸಿ!

ಬೇಕಿದ್ದರೆ ಇದನ್ನೂ ಸೇರಿಸಲಿ: ಕೆಂದಳಿಲು ಪಕ್ಕದ ಮಹಾರಾಷ್ಟ್ರದ ರಾಜ್ಯಪ್ರಾಣಿ. ಅಲ್ಲಿ ಅದಕ್ಕೆ ಶೇಕರು ಅನ್ನುತ್ತಾರೆ.

ಗಿಡ ತೋರಿಸಲು ಕರೆದುಕೊಂಡು ಹೋಗುವಾಗ ಹಳೇ ಅಂಗಿ ಹಾಕಿಸಿ. ಕವಳೆಯ ಹಾಲು ತುಟಿಗೆ ಅಂಟಿದರೆ ಸೋಪಿಗೆ ಬಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ.