ಸಾವಿನ ಮನೆಯವರಿಗೆ ಆಸರೆಯಾಗುವ ಟ್ರಸ್ಟಿಗೆ ಹಣ ಕೂಡಿಸುವ ಬಗ್ಗೆ

ಉತ್ತರಕ್ರಿಯೆಯ ಊಟದ ದಿನ ಟ್ರಸ್ಟಿನ ಹುಂಡಿ ಇಡಬಹುದಾ, ಅಮೆರಿಕದಲ್ಲಿರುವ ಊರಿನವರಿಂದ ದುಡ್ಡು ತರಿಸಬಹುದಾ ಅಂತ ಕೇಳಿದ್ದೀರಿ.

ಹುಂಡಿ ಬೇಡ. ನಾವು ಒಮ್ಮೆ ಇಟ್ಟು ನಾಚಿಕೊಂಡಿದ್ದೇವೆ. ಗಂಡನನ್ನು ಕಳೆದುಕೊಂಡಾಕೆಯೇ ಮೂಲೆಯಿಂದ ಎದ್ದು ಬಂದು, ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ನೂರರ ನೋಟು ಹಾಕಿದರು. ಯಾರಿಗಾಗಿ ಕೂಡಿಸುತ್ತಿದ್ದೆವೋ ಅವರಿಂದಲೇ ಕಿತ್ತುಕೊಂಡ ಹಾಗಾಯಿತು. ಮರುವರ್ಷ ಸಹಾಯಾರ್ಥ ಯಕ್ಷಗಾನ ಆಡಿಸಿದೆವು. ಟಿಕೆಟಿಗಿಂತ ಚರುಮುರಿ, ಚಹಾದಲ್ಲೇ ಹೆಚ್ಚು ಉಳಿಯಿತು ಅನ್ನಿ! ನೋಟಿಸಿನಲ್ಲಿ ಬರೀ 'ಸಹಾಯಾರ್ಥ' ಅಂತ ಹಾಕದೆ, ಮನೆಮನೆಗೆ ಹೋಗಿ ದುಃಖದಲ್ಲಿರುವವರ ಜೊತೆ ಕೂರುವವರ ಪೆಟ್ರೋಲ್ ಖರ್ಚಿಗೆ ಅಂತ ಬರೆದಿದ್ದೆವು.

ಅಮೆರಿಕದ ದುಡ್ಡಿಗೆ ಬಂದರೆ, ಕಳಿಸುವವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡವರದ್ದಾದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೂ, ವಿದೇಶಿಯೇ. ಅದಕ್ಕೆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ ಟ್ರಸ್ಟ್ ತೆರೆದ ಎಫ್‌ಸಿಆರ್‌ಎ ಖಾತೆಗೇ ಬರಬೇಕು. ನಿಮ್ಮ ಸ್ವಂತ ಖಾತೆಗೆ ತರಿಸಿಕೊಂಡು ಟ್ರಸ್ಟಿಗೆ ದಾಟಿಸುವ ಉಪಾಯ ಮಾತ್ರ ಬೇಡವೇ ಬೇಡ.

ಇಲ್ಲಿನ ದಾನಿಗಳು ಆದಾಯ ತೆರಿಗೆ ವಿನಾಯಿತಿಗೆ 80ಜಿ ರಸೀದಿ ಕೇಳುತ್ತಾರೆ. 2000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯವರಿಗೆ ಹೇಗೂ ಇಲ್ಲ. ಯುಪಿಐ ಕೋಡ್ ಟ್ರಸ್ಟಿನ ಖಾತೆಯದ್ದೇ ಇರಲಿ, ಕಾರ್ಯದರ್ಶಿಯ ಫೋನಿನದ್ದಲ್ಲ.